ಆರನೆಯ ಎಡೆ

ಮಹಾನವಮಿ ಅಮಾವಾಸ್ಯೆಗೆ ನಮ್ಮ ಮನೆಯಲ್ಲಿ ಐದು ಎಡೆ. ಮಾವನವರಿಗೆ, ಅವರ ತಂದೆ-ತಾಯಿಗೆ, ಅಜ್ಜ-ಅಜ್ಜಿಗೆ. 2024ರಲ್ಲಿ ಅದು ಆರಾಯಿತು. ಕಾರಣ, ಹಿಂದಿನ ರಾತ್ರಿ ಮಕ್ಕಳೊಂದಿಗೆ ನೋಡಿದ ಒಂದು ಕಾರ್ಟೂನ್ ಸಿನಿಮಾ.

ಆ ವರ್ಷ ಅಮಾವಾಸ್ಯೆ ಅಕ್ಟೋಬರ್ 2ಕ್ಕೇ ಬಂದಿತ್ತು. ಗಾಂಧಿ ಜಯಂತಿಯ ರಜೆ ಇದ್ದುದರಿಂದ ಬೆಳಿಗ್ಗೆ ಬೇಗ ಏಳುವ ಗೊಡವೆ ಮಕ್ಕಳಿಗಿರಲಿಲ್ಲ. 'ಕೋಕೋ' ಹಾಕಿದರು. 2017ರಲ್ಲಿ ಪಿಕ್ಸಾರ್ ಸಂಸ್ಥೆ ತಂದ ಚಿತ್ರ. ನಿರ್ದೇಶಕ ಲೀ ಅಂಕ್ರಿಚ್. ತೆರೆಯ ಮೇಲೆ ಅಸ್ಥಿಪಂಜರಗಳು ಕುಣಿಯುತ್ತಿದ್ದುದನ್ನು ಕಂಡು, ಹಿರಿಯರ ಹಬ್ಬದ ಮುನ್ನಾದಿನ ಇದೇನು ಅಪಶಕುನ ಎಂದು ಗದರಿದೆ. ಹೋಳಿಗೆಗೆ ಕಡಲೆಬೇಳೆ ಆರಿಸುತ್ತಾ ಅಲ್ಲೇ ಕುಳಿತಿದ್ದೆ. ಅತ್ತೆ ಮಂಚದ ಮೇಲೆ ಅಡಿಕೆ ಕುಟ್ಟುತ್ತಿದ್ದರು. ಅವರಿಗೆ ಎಂಬತ್ತು ದಾಟಿದೆ. ಇಂಗ್ಲಿಷ್ ಬಾರದು. ಹನ್ನೆರಡರ ಮಗಳು ಅವರ ಪಕ್ಕಕ್ಕೆ ಒರಗಿ ಕತೆಯನ್ನು ಕನ್ನಡದಲ್ಲಿ ಹೇಳುತ್ತಾ ಹೋದಳು.

ಮೆಕ್ಸಿಕೋದ ಒಂದು ಊರು. ಹಾಡುಗಾರನಾಗಲು ಮನೆ ಬಿಟ್ಟು ಹೋದ ಮುತ್ತಜ್ಜನೊಬ್ಬನಿಂದಾಗಿ ಆ ಮನೆಯಲ್ಲಿ ಸಂಗೀತಕ್ಕೇ ನಿಷೇಧ. ಹಳೆಯ ಫೋಟೋದಲ್ಲಿ ಅವನ ಮುಖವನ್ನೇ ಹರಿದು ತೆಗೆದಿದ್ದಾರೆ. ನವೆಂಬರ್ ಮೊದಲ ದಿನಗಳಲ್ಲಿ ಸತ್ತವರು ಮನೆಗೆ ಬಂದು ಹೋಗುವ ಹಬ್ಬ ಅವರಿಗೂ ಇದೆ. ನಾವು ಎಡೆ ಇಡುವಂತೆ ಅವರೂ ಹಿರಿಯರ ಫೋಟೋಗಳ ಮುಂದೆ ಅವರಿಗೆ ಇಷ್ಟವಾದ ತಿಂಡಿ ಇಟ್ಟು, ದಾರಿಯುದ್ದಕ್ಕೂ ಹೂವಿನ ಎಸಳು ಚೆಲ್ಲುತ್ತಾರೆ. ಆ ಎಸಳು ಕಂಡು ಅತ್ತೆ ತಲೆ ಎತ್ತಿದರು.

"ಇದು ನಮ್ಮ ಚೆಂಡು ಹೂವಲ್ಲವೇನೇ?"

ಹೌದು, ಅದೇ. ದಸರೆಗೆ ನಾವು ಬಾಗಿಲಿಗೆ ಕಟ್ಟುವ ಚೆಂಡು ಹೂವಿನ ಮೂಲವೇ ಮೆಕ್ಸಿಕೋ. ಅದನ್ನು ಹೇಳಿದಾಗ ಅತ್ತೆ ಕುಟ್ಟಣಿ ಬದಿಗಿಟ್ಟು ಟಿವಿಯ ಕಡೆ ತಿರುಗಿ ಕುಳಿತರು.

ನಾನು ಬೇಳೆ ಮರೆತದ್ದು ಸೇತುವೆಯ ದೃಶ್ಯದಲ್ಲಿ. ಸತ್ತವರ ಲೋಕಕ್ಕೂ ನಮ್ಮ ಲೋಕಕ್ಕೂ ನಡುವೆ ಚೆಂಡು ಹೂವಿನ ಸೇತುವೆ. ಮನೆಯವರು ಯಾರ ಫೋಟೋ ಇಟ್ಟಿದ್ದಾರೋ ಅವರಿಗೆ ಮಾತ್ರ ದಾಟಲು ಅಪ್ಪಣೆ. ಹೆಕ್ಟರ್ ಎಂಬವನಿಗೆ ಫೋಟೋ ಇಡುವವರಿಲ್ಲ. ಕಾವಲಿನವರ ಕಣ್ಣು ತಪ್ಪಿಸಿ ಓಡುತ್ತಾನೆ. ಎಸಳುಗಳಲ್ಲಿ ಕಾಲು ಹೂತು, ಒಂದು ಹೆಜ್ಜೆಯೂ ಮುಂದೆ ಸಾಗುವುದಿಲ್ಲ.

"ಫೋಟೋ ಇಲ್ಲದವರು ಏನು ಮಾಡಬೇಕು?" ಅತ್ತೆ ಕೇಳಿದರು.

"ಬಿಡುವುದಿಲ್ಲ ಅಜ್ಜಿ. ಎಲ್ಲರೂ ಮರೆತರೆ ಅಲ್ಲಿಂದಲೂ ಮಾಯವಾಗುತ್ತಾರೆ."

ಆಮೇಲೆ ಅವರು ಮಾತಾಡಲಿಲ್ಲ. ಗಿಟಾರ್ ನುಡಿಸುವ ಹುಡುಗನ ಕೈಯನ್ನೇ ನೋಡುತ್ತಿದ್ದರು. "ಬೆರಳು ಸುಳ್ಳಾಡುತ್ತಿಲ್ಲ, ನಿಜವಾಗಿಯೂ ಬಾರಿಸುತ್ತಿದ್ದಾನೆ" ಎಂದರು. ನಿಜವಾದ ವಾದಕರ ಕೈಗಳನ್ನು ಗಮನಿಸಿಯೇ ಕಲಾವಿದರು ಆ ಬೆರಳುಗಳನ್ನು ಚಲಿಸಿದ್ದರೆಂದು ನಾನು ಓದಿದ್ದು ಆಮೇಲೆ. ಅತ್ತೆಗೆ ಹೇಗೆ ತಿಳಿಯಿತು?

ಕೊನೆಗೆ ಆ ಮುದುಕಿ. ಕೋಕೋ ಅವಳ ಹೆಸರೇ. ಗಾಲಿಕುರ್ಚಿಯಲ್ಲಿ ಕಣ್ಣು ಮಂಜಾಗಿ, ಮಗಳನ್ನೂ ಗುರುತಿಸದೆ ಕುಳಿತಿದ್ದಾಳೆ. ಮರಿಮಗ ಅವಳ ಅಪ್ಪನ ಹಾಡನ್ನು ಮೆಲ್ಲಗೆ ಹಾಡುತ್ತಾನೆ. ಮೊದಲು ಬೆರಳು ಅಲುಗುತ್ತದೆ, ನಂತರ ನಿರಿಗೆಗಟ್ಟಿದ ಕೆನ್ನೆ, ಆಮೇಲೆ ದನಿ. ಅಪ್ಪನ ಹರಿದ ಮುಖದ ಚೂರನ್ನು ಅವಳು ಅಷ್ಟು ವರ್ಷ ಕಪಾಟಿನ ಖಾನೆಯಲ್ಲಿ ಕಾಪಾಡಿಕೊಂಡು ಬಂದಿದ್ದಳು. ನನ್ನ ಮಗಳು ಕತೆ ಹೇಳುವುದನ್ನು ನಿಲ್ಲಿಸಿದ್ದಳು. ಹೇಳಬೇಕಾಗಿಯೂ ಇರಲಿಲ್ಲ, ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಿದ್ದರು.

ನಟ ನಟಿಯರು ಮಾಡಿದ್ದರೆ ಅತ್ತೆ ಹೀಗೆ ಕರಗುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ನಟಿಯ ಮುಖ ನಟಿಯದ್ದೇ ಆಗಿರುತ್ತದೆ. ಚಿತ್ರಿಸಿದ ಮುಖ ಯಾರದ್ದೂ ಅಲ್ಲ, ಅಲ್ಲಿ ನಮ್ಮವರು ಬಂದು ಕೂರಲು ಜಾಗವಿದೆ. ಮಕ್ಕಳ ಸಿನಿಮಾ ಎಂದು ನಾವು ಎದ್ದು ಹೋಗುವ ಚಿತ್ರಗಳಲ್ಲಿ ಇಷ್ಟು ಜಾಗವಿದೆಯೆಂದು ನನಗೆ ಗೊತ್ತಿರಲಿಲ್ಲ.

ಮಕ್ಕಳು ಮಲಗಿದ ಮೇಲೆ ಅತ್ತೆ ಹೇಳಿದರು. ಅವರ ತವರು ಗುಳೇದಗುಡ್ಡ. ಅಪ್ಪ ಕುಣಿಮಗ್ಗದಲ್ಲಿ ಖಣ ನೇಯುತ್ತಿದ್ದರು. ಅಣ್ಣನಿಗೆ ಲಾಳಿಗಿಂತ ಪೆಟ್ಟಿಗೆಯ ಹುಚ್ಚು. ಭಜನೆಯಲ್ಲಿ ಹಾರ್ಮೋನಿಯಂ ಹಿಡಿದರೆ ಬಿಡುತ್ತಿರಲಿಲ್ಲ. ಅತ್ತೆ ಅವನ ಬೆರಳು ನೋಡುತ್ತಾ ಪಕ್ಕದಲ್ಲಿ ಕೂರುತ್ತಿದ್ದರಂತೆ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆ. ನಾಟಕದ ಕಂಪನಿಗಳು ಇಂದಿಗೂ ಅಲ್ಲಿ ತಿಂಗಳುಗಟ್ಟಲೆ ಡೇರೆ ಹಾಕುತ್ತವೆ. ಆಟ ನೋಡಲು ಹೋದವನು ಒಂದು ಕಂಪನಿಯ ಜೊತೆ ಹೊರಟೇ ಹೋದ. ಅವನ ಹೆಸರು ಎತ್ತಬಾರದೆಂದು ಅಪ್ಪ ಕಟ್ಟಪ್ಪಣೆ ಮಾಡಿದರು. ಎಷ್ಟೋ ವರ್ಷದ ಮೇಲೆ ಒಂದು ಕಾರ್ಡು ಬಂತು, ತೀರಿಕೊಂಡನೆಂದು.

ತವರಿನಲ್ಲಿ ಅವನಿಗೆ ಎಡೆ ಇಡುವವರಿಲ್ಲ. ಇಲ್ಲಿ ಸೊಸೆಯ ತವರಿನವರಿಗೆ ಎಡೆ ಇಡುವ ರೂಢಿಯಿಲ್ಲ. ಹಳೆಯ ಬಾಗಲಕೋಟೆಯ ಮನೆ ಮುಳುಗಡೆಯಾಗಿ ನವನಗರಕ್ಕೆ ಬರುವಾಗ ಈ ಮನೆಯ ಹಿರಿಯರ ಫೋಟೋಗಳನ್ನು ಧೋತರದಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಂದವರೇ ಅತ್ತೆ. ಅಣ್ಣನ ಫೋಟೋ ಮಾತ್ರ ಅವರ ಬಳಿ ಎಂದೂ ಇರಲಿಲ್ಲ.

ಮರುದಿನ ಐದು ಎಲೆ ಹಾಕಿದ ಮೇಲೆ ಯಜಮಾನರ ಕಡೆ ನೋಡಿದೆ. ಅವರು ಏನೂ ಕೇಳದೆ ಇನ್ನೊಂದು ಬಾಳೆ ಎಲೆ ತಂದುಕೊಟ್ಟರು. ಫೋಟೋ ಇರಬೇಕಾದಲ್ಲಿ ಮಗಳು ಒಂದು ಚೆಂಡು ಹೂ ಇಟ್ಟಳು. ನಾನು ಅನ್ನಕ್ಕೆ ಕಟ್ಟಿನ ಸಾರು ಹಾಕಲು ಬಾಗಿದಾಗ ಅತ್ತೆ ತಡೆದರು. "ಅವನಿಗೆ ಸಾರು ಬೇಡವ್ವಾ. ಹೋಳಿಗೆಯ ಮೇಲೆ ಇನ್ನಷ್ಟು ತುಪ್ಪ ಹಾಕು."

"ಆ ಅಜ್ಜನ ಹೆಸರೇನು?" ಮಗಳು ಕೇಳಿದಳು.

ಅತ್ತೆ ಹೇಳಿದರು. ಆ ಹೆಸರನ್ನು ನಾನೂ ಕೇಳಿದ್ದು ಅದೇ ಮೊದಲು. ಮಗಳು ಅದನ್ನು ಎರಡು ಸಲ ಉಚ್ಚರಿಸಿ, ಸರಿಯೇ ಎಂದು ಅಜ್ಜಿಯ ಮುಖ ನೋಡಿದಳು.