ಕಿವಿಯ ಕ ಚ ಆಗಿದ್ದು ಕಿವಿಯಲ್ಲೇ

ಉಚ್ಚಾರ ಬದಲಾಯಿತು ಅಂದರೆ ನಾವು ಬೈಯುವುದು ಮಾತಾಡುವವರನ್ನು. ನಾಲಿಗೆ ಹೊರಳಲ್ಲ, ಸೋಮಾರಿಗಳು, ಭಾಷೆ ಕೆಡಿಸಿದರು ಅಂತ. ನಾನು ಇದನ್ನು ಒಪ್ಪುವುದಿಲ್ಲ. ಎಷ್ಟೋ ಬದಲಾವಣೆಗಳು ಶುರುವಾಗುವುದು ಕೇಳುವವರ ಕಡೆಯಿಂದ. ಬರ್ಕ್ಲಿಯಲ್ಲಿದ್ದ ಧ್ವನಿವಿಜ್ಞಾನಿ ಜಾನ್ ಒಹಾಲಾ 1981ರಲ್ಲೇ ಹೀಗೆ ವಾದಿಸಿದ್ದರು.

ಇದನ್ನು ನೋಡೋಕೆ ದೂರ ಹೋಗಬೇಕಿಲ್ಲ. ನಮ್ಮ ಕಿವಿ ಮಲಯಾಳದಲ್ಲೂ ತೆಲುಗಿನಲ್ಲೂ ಚೆವಿ, ತಮಿಳಿನಲ್ಲೂ ಚೆವಿಯೇ, ಈಗ ಸೆವಿ ಅನ್ನುತ್ತಾರೆ. ನಮ್ಮ ಕೆರೆ ತೆಲುಗಿನಲ್ಲಿ ಚೆರುವು. ಹಳಗನ್ನಡದ ಕೆಯ್ ಅಥವಾ ಗೆಯ್, ಅಂದರೆ ಮಾಡು, ಅಲ್ಲಿ ಚೇಯು. ಈ ಭಾಷೆಗಳಿಗೆಲ್ಲ ತಾಯಿಯಾದ ಮೂಲ ದ್ರಾವಿಡದಲ್ಲಿ ಇವೆಲ್ಲ ಕಕಾರದಿಂದಲೇ ಶುರುವಾಗುತ್ತಿದ್ದವು. ಇ, ಎ ಸ್ವರ ಇದ್ದಲ್ಲಿ ಮಾತ್ರ ಕ ಹೋಗಿ ಚ ಬಂತು. ಕಾಲು, ಕಣ್ಣು ಎಲ್ಲ ಕಡೆ ಹಾಗೇ ಉಳಿದವು.

ಒಮ್ಮೆ ಕಾ, ಕೀ ಅಂತ ಪಿಸುಮಾತಿನಲ್ಲಿ ಹೇಳಿ ನೋಡಿ. ಕಾ ಅನ್ನುವಾಗ ನಾಲಿಗೆ ಅಂಗುಳಿನ ಹಿಂಭಾಗಕ್ಕೆ ತಾಗುತ್ತದೆ, ಕೀ ಅನ್ನುವಾಗ ಮುಂದಿನ ಸ್ವರಕ್ಕೆ ಆಗಲೇ ಸಿದ್ಧವಾಗುತ್ತಿರುವ ನಾಲಿಗೆ ಮುಂದಕ್ಕೆ ಜರುಗಿರುತ್ತದೆ, ಹಾಗಾಗಿ ಹೊರಬರುವ ಸದ್ದೂ ತೆಳ್ಳಗಾಗಿ ಚಕಾರಕ್ಕೆ ಹತ್ತಿರವಾಗುತ್ತದೆ. ಸಾಮಾನ್ಯವಾಗಿ ನಮಗೆ ಇದು ಗೊತ್ತೇ ಆಗುವುದಿಲ್ಲ. ಪಕ್ಕದಲ್ಲಿ ಈಕಾರ ಇದೆ, ಅದಕ್ಕೇ ಹೀಗೆ ಕೇಳಿಸಿತು ಅಂತ ಮನಸ್ಸು ತಾನಾಗಿ ಸರಿಮಾಡಿಕೊಳ್ಳುತ್ತದೆ. ಈ ಲೆಕ್ಕ ಇನ್ನೂ ಕಲಿಯದವರು, ಉದಾಹರಣೆಗೆ ಮಾತು ಕಲಿಯುತ್ತಿರುವ ಮಗು, ಕೇಳಿಸಿದ್ದೇ ನಿಜ ಅಂದುಕೊಂಡು ಚ ಅಂತಲೇ ಹೇಳಬಹುದು. ಹೇಳಿಕೊಟ್ಟವರ ಬಾಯಲ್ಲಿ ಕ ಏನೂ ಬದಲಾಗಿಲ್ಲ, ಅಲ್ವಾ?

ಸೂಸನ್ ಗಯಾನ್ 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಂಗ್ಲಿಷ್ ಮಾತಾಡುವವರಿಗೆ ಗದ್ದಲದ ನಡುವೆ ಈ ಸದ್ದುಗಳನ್ನು ಕೇಳಿಸಿದರು. ಕೀ ಹೋಗಿ ಚೀ ಅಂತ ಕೇಳಿಸಿದ್ದೇ ಜಾಸ್ತಿ, ಚೀ ಹೋಗಿ ಕೀ ಆಗಿದ್ದು ಕಡಿಮೆ. ನನ್ನನ್ನು ತುಂಬಾ ಹಿಡಿದಿಟ್ಟಿದ್ದು ಈ ಒಮ್ಮುಖ ದಾರಿ. ಭಾಷೆಗಳ ಚರಿತ್ರೆಯಲ್ಲೂ ಅದೇ ದಿಕ್ಕು: ಲ್ಯಾಟಿನ್ನಿನಲ್ಲಿ ನೂರಕ್ಕೆ ಕೆಂಟುಮ್, ಇಟಾಲಿಯನ್ನಿನಲ್ಲಿ ಚೆಂತೊ.

ಕನ್ನಡ ಕ ಉಳಿಸಿಕೊಂಡಿತು ಅಂತ ಹೆಮ್ಮೆಪಡಬೇಕಿಲ್ಲ. ಪಾಲ್ ಅನ್ನು ಹಾಲು ಮಾಡಿದವರು ನಾವೇ.

ಇನ್ನೊಂದು ಸೊಗಸಾದ ವಿಷಯ ಇದೆ. ತಮಿಳಿನಲ್ಲಿ ಕೇಳ್, ಕಿಳಿ, ಕೆಡು ಈ ಮಾತುಗಳಲ್ಲಿ ಕ ಉಳಿದಿದೆ. ಮೂರರಲ್ಲೂ ಸ್ವರದ ಮುಂದೆ ಳ ಅಥವಾ ಡ ಇದೆ ನೋಡಿ. ಅವನ್ನು ಹೇಳೋಕೆ ನಾಲಿಗೆಯನ್ನು ಹಿಂದಕ್ಕೆ ಮಡಚಬೇಕು, ಆ ಎಳೆತಕ್ಕೆ ಸ್ವರವೂ ಸ್ವಲ್ಪ ಹಿಂದೆ ಸರಿಯುತ್ತದೆ. ಸ್ವರ ಹಿಂದೆ ಸರಿದರೆ ಕ ಚಕಾರದಂತೆ ಕೇಳಿಸುವುದೂ ಕಡಿಮೆ. ತೆಲುಗಿನಲ್ಲಿ ಮಾತ್ರ ಈ ತಡೆ ನಡೆಯಲಿಲ್ಲ. ಅಲ್ಲಿ ಕೆಡು ಚೆಡು ಆಯಿತು, ಗಿಳಿಯೂ ಚಿಲುಕ.