ದೋಟಿಯ ಹತ್ತಿರ ನಿಂತಿದ್ದ ಕಂಪ್ಯೂಟರ್

ಚೌತಿ ಹಬ್ಬದ ಮರುದಿನ ಬೆಳಿಗ್ಗೆ ಅಪ್ಪಯ್ಯ ಕಂಪ್ಯೂಟರಿನ ಗುಂಡಿ ಒತ್ತಿ, ಹೂವಿನ ಬುಟ್ಟಿ ಹಿಡಿದು ಅಂಗಳಕ್ಕೆ ಇಳಿದರು. ದಾಸವಾಳ, ಕರವೀರ ಕೊಯ್ದು ತಂದು ದೇವರ ಮುಂದಿಟ್ಟು, ಕೈತೊಳೆದು ಬಂದು ಕುಳಿತಾಗಲೂ ಪರದೆಯ ಮೇಲೆ ಬಿಳಿ ಚುಕ್ಕಿಗಳು ಸುತ್ತುತ್ತಲೇ ಇದ್ದವು. ನಾನು ಗಡಿಯಾರ ನೋಡಿದೆ. ಗುಂಡಿ ಒತ್ತಿದ್ದು ಏಳೂಕಾಲಿಗೆ. ಅವರ ಕಡತ ತೆರೆದುಕೊಂಡದ್ದು ಏಳು ಇಪ್ಪತ್ತೆಂಟಕ್ಕೆ. ಹದಿಮೂರು ನಿಮಿಷ. ಅಷ್ಟು ಹೊತ್ತೂ ಅವರು ಮೇಜಿನ ಮೇಲೆ ಕೈಯಿಟ್ಟುಕೊಂಡು, ಬಾರದ ಬಸ್ಸಿಗೆ ಕಾಯುವವರ ಹಾಗೆ ಸುಮ್ಮನೆ ಕುಳಿತಿದ್ದರು. ಬೇಸರವನ್ನೂ ತೋರಿಸದೆ ಕಾಯುವ ಆ ಅಭ್ಯಾಸವನ್ನು ಕಂಡೇ ನನಗೆ ಹೆಚ್ಚು ಸಂಕಟವಾಯಿತು.

ಅಪ್ಪಯ್ಯ ಪ್ರಾಥಮಿಕ ಶಾಲೆಯ ಮಾಸ್ತರರಾಗಿ ನಿವೃತ್ತರಾದವರು. ನಿವೃತ್ತಿಯಾದಾಗಿನಿಂದ ನಮ್ಮ ಸಾಗರದ ಕಡೆಯ ಅಡಿಕೆ ತೋಟದ ಮಾತುಗಳನ್ನು ಒಟ್ಟುಮಾಡುತ್ತಿದ್ದಾರೆ. ಕೊನೆಗಾರ, ಕೊಟ್ಟೆ, ಚೊಗರು, ಸೊಪ್ಪಿನ ಬೆಟ್ಟ, ದರಕು, ಗೊರಬಲು, ಹೀಗೆ ಒಂದೊಂದಕ್ಕೂ ಅರ್ಥ, ಅದು ಬರುವ ಒಂದು ವಾಕ್ಯ, ಯಾರ ಬಾಯಿಂದ ಕೇಳಿದ್ದು ಎಂಬ ವಿವರ. ಮೊದಲು ನೋಟುಬುಕ್ಕಿನಲ್ಲಿ ಬರೆದು, ಆಮೇಲೆ ಅಕಾರಾದಿಯಾಗಿ ಕಂಪ್ಯೂಟರಿಗೆ ಹಾಕುವುದು ಅವರ ಕ್ರಮ. ನೋಟುಬುಕ್ಕುಗಳು ‘ಹ’ ಅಕ್ಷರವನ್ನೂ ದಾಟಿದ್ದವು. ಕಂಪ್ಯೂಟರಿನ ಕಡತ ಮಾತ್ರ ‘ದ’ ಅಕ್ಷರದಲ್ಲಿ ನಿಂತಿತ್ತು. ಕೊನೆಯ ಪದ ‘ದೋಟಿ’. ಅದರ ಮುಂದೆ ಎರಡು ಚುಕ್ಕಿ, ಆಮೇಲೆ ಖಾಲಿ. ಕಡತವನ್ನು ಕೊನೆಯ ಸಲ ಉಳಿಸಿದ ದಿನಾಂಕ ನೋಡಿದರೆ 2023ರ ನವೆಂಬರ್.

ಎರಡು ವರ್ಷದಿಂದ ಅಪ್ಪಯ್ಯ ಆ ಕೆಲಸ ಬಿಟ್ಟಿದ್ದರು. ನಾವು ಮಕ್ಕಳು ಅದನ್ನು ವಯಸ್ಸಿನ ದಣಿವು ಎಂದುಕೊಂಡಿದ್ದೆವು.

ಪೇಟೆಯ ರಿಪೇರಿ ಅಂಗಡಿಯೊಂದಕ್ಕೆ ಒಯ್ದು ತೋರಿಸಿಯೂ ಆಗಿತ್ತು. 2012ರ ಯಂತ್ರ ಎಂದು ಕೇಳಿದ್ದೇ ತಡ, ಪೆಟ್ಟಿಗೆಯ ಮುಚ್ಚಳವನ್ನೂ ತೆರೆಯದೆ, ಇದರ ಕಾಲ ಮುಗಿಯಿತು, ಗುಜರಿಗೆ ಹಾಕಿ ಹೊಸ ಲ್ಯಾಪ್‌ಟಾಪ್ ತೆಗೆದುಕೊಳ್ಳಿ ಎಂದಿದ್ದರು. ನಾನೂ ಅಣ್ಣನೂ ಸೇರಿ ದುಡ್ಡು ಹಾಕುವುದೆಂದು ಮಾತಾಗಿತ್ತು. ಒಪ್ಪದವರು ಅಪ್ಪಯ್ಯ ಒಬ್ಬರೇ. ಅಂದು ಬೆಳಿಗ್ಗೆ ಮತ್ತೆ ಆ ಮಾತು ತೆಗೆದಾಗ ಅವರು ಅಂದದ್ದು ಇಷ್ಟೇ: “ಇದಕ್ಕೆ ಏನಾಗಿದೆ ಎಂದು ಯಾರೂ ನೋಡಲೇ ಇಲ್ಲವಲ್ಲ, ಕೂಸೇ.”

ನಾನು ನೋಡಲು ಕುಳಿತೆ.

ಯಂತ್ರದ ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆಯಲೂ ಒಂದು ನಿಮಿಷ ಬೇಕಾಯಿತು. ತೆರೆದ ಮೇಲೆ ಮಾತ್ರ ಅಲ್ಲಿ ಎಲ್ಲವೂ ಸ್ಪಷ್ಟವಾಗಿ ಬರೆದಿತ್ತು. ಪ್ರೊಸೆಸರ್ ನೂರಕ್ಕೆ ಹನ್ನೆರಡು ಪಾಲು ಮಾತ್ರ ಕೆಲಸ ಮಾಡುತ್ತಿತ್ತು. ಎರಡನೆಯ ತಲೆಮಾರಿನ ಕೋರ್ ಐ3 ಅದು. ಪತ್ರ ಬರೆಯಲು, ಪತ್ರಿಕೆ ಓದಲು, ಮೊಮ್ಮಕ್ಕಳ ಚಿತ್ರ ನೋಡಲು ಇಂದಿಗೂ ಧಾರಾಳವಾಗಿ ಸಾಕು. ಆದರೆ ಡಿಸ್ಕ್ ಎಂಬ ಅಂಕಣದಲ್ಲಿ 100 ಎಂಬ ಅಂಕಿ ಕದಲದೆ ಕುಳಿತಿತ್ತು. ನೂರಕ್ಕೆ ನೂರು ದುಡಿದೂ ಅದು ಸಾಗಿಸುತ್ತಿದ್ದದ್ದು ಸೆಕೆಂಡಿಗೆ ಒಂದು, ಒಂದೂವರೆ ಎಂಬಿ. ಅಂದರೆ ಬುದ್ಧಿಗೆ ಏನೂ ಆಗಿರಲಿಲ್ಲ. ಉಗ್ರಾಣದಿಂದ ಸಾಮಾನು ತಂದುಕೊಡುವವನು ಕುಸಿದುಹೋಗಿದ್ದ.

ಹಳೆಯ ಹಾರ್ಡ್ ಡಿಸ್ಕಿನೊಳಗೆ ನಿಜಕ್ಕೂ ತಟ್ಟೆಗಳು ತಿರುಗುತ್ತವೆ, ನಿಮಿಷಕ್ಕೆ 7200 ಸುತ್ತು. ಒಂದು ಸುತ್ತಿಗೆ ಎಂಟು ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಬೇಕಾದ ಮಾಹಿತಿ ಇರುವ ಜಾಗ ಸೂಜಿಯ ಕೆಳಗೆ ಬರುವವರೆಗೆ ಕಾಯಲೇಬೇಕು. ಒಂದು ದೊಡ್ಡ ಕಡತವನ್ನು ಉದ್ದಕ್ಕೆ ಓದುವಾಗ ಇದು ತಿಳಿಯುವುದಿಲ್ಲ. ಸಾವಿರಾರು ಸಣ್ಣ ತುಣುಕುಗಳನ್ನು ಅಲ್ಲೊಂದು ಇಲ್ಲೊಂದು ಹೆಕ್ಕುವಾಗ ಕಾಯುವಿಕೆ ರಾಶಿ ಬೀಳುತ್ತದೆ. ಯಂತ್ರ ಎಚ್ಚರಗೊಳ್ಳುವುದೆಂದರೆ ಇಂಥ ಹೆಕ್ಕುವ ಕೆಲಸವೇ. ಅದರ ಜೊತೆಗೆ, ಕೆಲಸ ನಡೆಯುವಾಗ ಬೇಕಾದದ್ದನ್ನು ಇಟ್ಟುಕೊಳ್ಳುವ ರ‍್ಯಾಮ್ ಬರೀ 2 ಜಿಬಿ. 2012ರಲ್ಲಿ ವಿಂಡೋಸ್ 7ಕ್ಕೆ ಅದು ಸಾಕಿತ್ತು. 2016ರಲ್ಲಿ, ಉಚಿತವಾಗಿ ಸಿಗುತ್ತದೆಂದು ವಿಂಡೋಸ್ 10 ಹಾಕಿಸಿದ್ದು ನಾನೇ. ಅಂದಿನಿಂದ ರ‍್ಯಾಮಿನಲ್ಲಿ ಹಿಡಿಸದೇ ಉಳಿದದ್ದನ್ನೆಲ್ಲ ವಿಂಡೋಸ್ ಆ ತಿರುಗುವ ತಟ್ಟೆಯ ಮೇಲೆಯೇ ಇಡುತ್ತ, ತೆಗೆಯುತ್ತ ಬಂದಿತ್ತು. ಜೊತೆಗೆ ಯಾರೋ ಹಾಕಿಕೊಟ್ಟ ಎರಡು ಆಂಟಿವೈರಸ್ಸುಗಳು ಒಂದೇ ಕಡತವನ್ನು ಸರದಿಯ ಮೇಲೆ ತಪಾಸಣೆ ಮಾಡುತ್ತಿದ್ದವು. ಒಂದನ್ನು ತೆಗೆದೆ, ಯಂತ್ರದ ಜೊತೆಗೇ ಏಳುತ್ತಿದ್ದ ಹತ್ತಾರು ತಂತ್ರಾಂಶಗಳನ್ನು ನಿಲ್ಲಿಸಿದೆ. ಹದಿಮೂರು ನಿಮಿಷ ಒಂಬತ್ತಾಯಿತು.

ಅಷ್ಟಕ್ಕೇ ನಿಲ್ಲಿಸಿ ಹೊರಟುಬಿಡಬಹುದಿತ್ತು. ಡಿಸ್ಕಿನ ಆರೋಗ್ಯ ಹೇಳುವ ಒಂದು ಸಣ್ಣ ತಂತ್ರಾಂಶ ಓಡಿಸಿದ್ದರಿಂದ ಉಳಿದೆ. ಹಸಿರು ಇರಬೇಕಾದಲ್ಲಿ ಹಳದಿ ಬಂತು. ತಟ್ಟೆಯ ಮೇಲೆ ಕೆಟ್ಟ ಜಾಗಗಳು ಕಾಣಿಸಿಕೊಂಡು, ಡಿಸ್ಕು ಅವನ್ನು ಬಿಟ್ಟು ಬೇರೆ ಜಾಗಕ್ಕೆ ಬರೆದುಕೊಳ್ಳಲು ತೊಡಗಿತ್ತು. ನಿಧಾನಕ್ಕೆ ಅದೂ ಒಂದು ಕಾರಣ: ಓದಲಾಗದ ಕಡೆ ಅದು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಹನ್ನೊಂದು ವರ್ಷ ಕಂಪ್ಯೂಟರಿಗೆ ಹಾಕಿದ ಪದಗಳ ಪ್ರತಿ ಇದ್ದದ್ದು ಆ ಒಂದೇ ತಟ್ಟೆಯಲ್ಲಿ ಎಂದು ಗೊತ್ತಾದಾಗ ನನ್ನ ಕೈ ತಣ್ಣಗಾಯಿತು. ಬೇರೆಲ್ಲ ಕೆಲಸ ಬಿಟ್ಟು ಮೊದಲು ಅಪ್ಪಯ್ಯನ ಕಡತಗಳನ್ನೆಲ್ಲ ಎರಡು ಪೆನ್‌ಡ್ರೈವಿಗೆ ನಕಲು ಮಾಡಿದೆ. ಒಂದು ಅವರ ಕಪಾಟಿಗೆ, ಒಂದು ನನ್ನ ಚೀಲಕ್ಕೆ. ನಡುವೆ ಒಂದು ಕಡತ ಐದು ನಿಮಿಷ ಸಿಕ್ಕಿಕೊಂಡು ಕಡೆಗೂ ಬಂತು. ಹಳೆಯ ಕಂಪ್ಯೂಟರನ್ನು ಚುರುಕು ಮಾಡಲು ಹೊರಟ ಯಾರಿಗೇ ಆಗಲಿ ನಾನು ಮೊದಲು ಹೇಳುವುದು ಇದನ್ನೇ. ಸ್ಕ್ರೂಡ್ರೈವರ್ ಆಮೇಲೆ.

ಬೆಂಗಳೂರಿಗೆ ಮರಳಿದ ಮೇಲೆ ಒಂದು ಶನಿವಾರ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಹೋದೆ. ತಿರುಗುವ ತಟ್ಟೆಯೇ ಇಲ್ಲದ ಡಿಸ್ಕು, 240 ಜಿಬಿಯ ಎಸ್‌ಎಸ್‌ಡಿ, ಹೊಸದೇ ತೆಗೆದುಕೊಂಡೆ. ಅದನ್ನು ಹಳೆಯದು ಕೊಳ್ಳುವುದು ತರವಲ್ಲ. ಡಿಡಿಆರ್3 ರ‍್ಯಾಮ್ ಮಾತ್ರ ಬಳಸಿದ್ದೇ ಸಾಕೆಂದು 4 ಜಿಬಿಯ ಎರಡು ಕಡ್ಡಿ. ಹಳೆಯ ಬೋರ್ಡಿಗೆ ಅದರ ನಂತರದ ತಲೆಮಾರಿನ ಡಿಡಿಆರ್4 ಕೂರುವುದಿಲ್ಲ, ಕಡ್ಡಿಯ ತಳದ ಸೀಳು ಇರುವ ಜಾಗವೇ ಬೇರೆ. ಅಂಗಡಿಯವರು ಬೋರ್ಡಿನ ಮಾದರಿ ಕೇಳಿ, ಕೈಯಲ್ಲಿದ್ದ ಕಡ್ಡಿಗಳನ್ನು ತಮ್ಮ ಯಂತ್ರದಲ್ಲಿ ಹಾಕಿ ಓಡಿಸಿ ತೋರಿಸಿಯೇ ಕೊಟ್ಟರು. ಪ್ರೊಸೆಸರಿನ ಶಾಖ ಹೊರಸಾಗಿಸಲು ಹಚ್ಚುವ ಥರ್ಮಲ್ ಪೇಸ್ಟಿನ ಒಂದು ಸಣ್ಣ ಸಿರಿಂಜೂ ಸೇರಿ ಖರ್ಚು ಮೂರು ಸಾವಿರದೊಳಗೇ ಮುಗಿಯಿತು.

ದೀಪಾವಳಿ ನಮ್ಮಲ್ಲಿ ದೊಡ್ಡ ಹಬ್ಬ. ಗೋಪೂಜೆಯ ಹಿಂದಿನ ದಿನ ಮಧ್ಯಾಹ್ನ, ಅಮ್ಮ ಅಡಿಗೆಮನೆಯಲ್ಲಿ ಮುಳುಗಿದ್ದಾಗ, ಜಗುಲಿಯ ಮೇಲೆ ಹಳೆಯ ಪಂಚೆ ಹಾಸಿ ಪೆಟ್ಟಿಗೆ ಇಳಿಸಿಕೊಂಡೆವು. ಮುಂಭಾಗದಲ್ಲಿ ಆಯುಧಪೂಜೆಯ ಕುಂಕುಮ ಹಾಗೆಯೇ ಇತ್ತು. ಮುಚ್ಚಳ ತೆಗೆದಾಗ ಒಳಗೆ ಬೂದು ಬಣ್ಣದ ಧೂಳು ಕಂಬಳಿಯ ಹಾಗೆ ಹಾಸಿಕೊಂಡಿತ್ತು. ಹಿಂದಿನ ಕಿಂಡಿಯಲ್ಲಿ ಕುಂಬಾರ ಹುಳು ಬೆರಳು ಗಾತ್ರದ ಮಣ್ಣಿನ ಗೂಡು ಕಟ್ಟಿತ್ತು. ಗಾಳಿ ಹೊರಹೋಗುವ ದಾರಿಯ ಅರ್ಧವೇ ಮುಚ್ಚಿತ್ತು. ಪ್ರೊಸೆಸರಿನ ಫ್ಯಾನಿನ ರೆಕ್ಕೆಗಳ ನಡುವೆ ಒಣಗಿದ ಸೇವಂತಿಗೆಯ ಎಸಳು. ಪ್ರತಿ ವರ್ಷ ಪೂಜೆಗೆ ಇಟ್ಟ ಹೂವಿನಿಂದ ಉದುರಿದ್ದು. ಅಪ್ಪಯ್ಯ ಅದನ್ನು ಚಿಮುಟದಲ್ಲಿ ಒಂದೊಂದಾಗಿ ಎತ್ತಿ ಅಂಗೈಯಲ್ಲಿ ಇಟ್ಟುಕೊಂಡರು. ನಾನು ಬಣ್ಣ ಬಳಿಯುವ ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದೆ. ಫ್ಯಾನು ತಿರುಗದಂತೆ ಬೆರಳಲ್ಲಿ ಹಿಡಿದುಕೊಂಡು ಸೈಕಲ್ ಪಂಪಿನಿಂದ ಗಾಳಿ ಊದಿದೆ. ಪ್ರೊಸೆಸರಿನ ಮೇಲಿನ ಹಳೆಯ ಪೇಸ್ಟು ಒಣಗಿದ ಸುಣ್ಣದಂತೆ ಪುಡಿಪುಡಿಯಾಗಿ ಬಂತು. ಒರೆಸಿ, ಒಂದು ತೊಗರಿಬೇಳೆಯಷ್ಟು ಹೊಸದು ಹಾಕಿದೆ.

ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿಯೂ ಸತ್ತಿತ್ತು. ವಿದ್ಯುತ್ ತೆಗೆದಾಗಲೂ ದಿನಾಂಕ ನೆನಪಿಟ್ಟುಕೊಳ್ಳುವುದು ಅದೇ. ಪ್ರತಿ ಸಲ ಕರೆಂಟು ಹೋಗಿ ಬಂದಾಗ ಯಂತ್ರ 2012ರ ಜನವರಿಗೆ ಹಿಂದಿರುಗುತ್ತಿತ್ತು. ದಿನಾಂಕ ತಪ್ಪಿದ್ದರೆ ಬ್ರೌಸರ್ ಜಾಲತಾಣಗಳ ಭದ್ರತಾ ಪ್ರಮಾಣಪತ್ರವನ್ನು ಒಪ್ಪುವುದಿಲ್ಲ, ಪುಟ ತೆರೆಯುವುದಿಲ್ಲ. ಇಂಟರ್ನೆಟ್ಟೇ ನಿಧಾನ ಎಂದು ಅಪ್ಪಯ್ಯ ಎಷ್ಟೋ ತಿಂಗಳು ತಿಳಿದಿದ್ದರು. ಸಿಆರ್ 2032 ಎಂಬ ಆ ಬ್ಯಾಟರಿಯನ್ನು ಪೇಟೆಯ ಗಡಿಯಾರದ ಅಂಗಡಿಯಿಂದ ಅವರೇ ಹೋಗಿ ತಂದರು.

ಎಲ್ಲ ಜೋಡಿಸಿ ಗುಂಡಿ ಒತ್ತಿದರೆ ಫ್ಯಾನು ತಿರುಗಿತು, ಪರದೆ ಕಪ್ಪಾಗಿಯೇ ಉಳಿಯಿತು. ಮತ್ತೊಮ್ಮೆ ಒತ್ತಿದೆ. ಕಪ್ಪು. ಅಪ್ಪಯ್ಯ ಏನೂ ಕೇಳಲಿಲ್ಲ, ಆದರೆ ಅಂಗೈಯಲ್ಲಿದ್ದ ಎಸಳುಗಳನ್ನು ಕಿಟಕಿಯ ದಂಡೆಗೆ ಹಾಕಿ ಹತ್ತಿರ ಬಂದು ನಿಂತರು. ರ‍್ಯಾಮಿನ ಎರಡೂ ಕಡ್ಡಿ ತೆಗೆದೆ. ಅದರ ತುದಿಯ ಚಿನ್ನದ ಬಣ್ಣದ ಹಲ್ಲುಗಳನ್ನು ಅಪ್ಪಯ್ಯನ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಎರಡೂ ಬದಿಯ ಕೊಂಡಿ ‘ಟಕ್’ ಎನ್ನುವವರೆಗೆ ಒತ್ತಿ ಕೂರಿಸಿದೆ. ಮೊದಲ ಸಲ ಒಂದು ಬದಿ ಪೂರ್ತಿ ಕೂತಿರಲಿಲ್ಲ. ಈ ಸಲ ಪುಟ್ಟದೊಂದು ಬೀಪ್ ಕೇಳಿತು, ಪರದೆಯಲ್ಲಿ 8 ಜಿಬಿ ಎಂದು ಮೂಡಿತು.

ಇನ್ನು ಯಾವ ವಿಂಡೋಸ್ ಎಂಬ ಪ್ರಶ್ನೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಾದರೂ ಆಗಿರಬೇಕು. ಈ ಯಂತ್ರ ಅಲ್ಲಿಗೆ ತಲುಪುವುದಿಲ್ಲ. ವಿಂಡೋಸ್ 10ರ ಬೆಂಬಲ ಸರಿಯಾಗಿ ಒಂದು ವಾರದ ಹಿಂದೆ, 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು. ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟುಗಳು ಸಿಗುವ ಅವಕಾಶವಿತ್ತು. ವಿಂಡೋಸಿನ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯವ್ಯವಸ್ಥೆ ಹಾಕುವ ಮನಸ್ಸು ನನಗೆ ಬಲವಾಗಿತ್ತು. ಆದರೆ ಅಪ್ಪಯ್ಯನ ಬರಹವೆಲ್ಲ ಹಳೆಯ ನುಡಿ ಫಾಂಟಿನಲ್ಲಿದೆ, ಎಲ್ಲ ಯಂತ್ರಗಳೂ ಓದುವ ಯೂನಿಕೋಡಿನಲ್ಲಿ ಅಲ್ಲ. ಆ ಫಾಂಟು ಇಲ್ಲದ ಕಡೆ ತೆರೆದರೆ ಕನ್ನಡದ ಬದಲು ಟೋಪಿ, ಬಾಲ ಅಂಟಿಸಿಕೊಂಡ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಎಪ್ಪತ್ತೊಂದರ ವಯಸ್ಸಿನವರ ಕೈಗೆ ಒಂದೇ ದಿನ ಹೊಸ ಕಾರ್ಯವ್ಯವಸ್ಥೆ, ಹೊಸ ಪದ ಸಂಸ್ಕಾರಕ, ಪರಿವರ್ತಿಸಿದ ಕಡತ ಮೂರನ್ನೂ ಕೊಡುವುದು ಸರಿಯೆನಿಸಲಿಲ್ಲ. ಹಾಗಾಗಿ ವಿಂಡೋಸ್ 10ನ್ನೇ ಹೊಸದಾಗಿ ಹಾಕಿದೆ. ಹಳೆಯದು 32 ಬಿಟ್ಟಿನದಾಗಿತ್ತು, ಅದು 4 ಜಿಬಿಗಿಂತ ಹೆಚ್ಚು ರ‍್ಯಾಮ್ ಬಳಸಲಾರದು; ಈ ಸಲ 64 ಬಿಟ್ಟಿನದು. ಒಂದು ವರ್ಷದ ಅವಕಾಶಕ್ಕೆ ನೋಂದಾಯಿಸಿದೆ. ಈ ಒಂದು ವರ್ಷದಲ್ಲಿ ನಾವಿಬ್ಬರೂ ಕೂಡಿ ಪದಕೋಶವನ್ನು ಅಕ್ಷರ ಅಕ್ಷರವಾಗಿ ಯೂನಿಕೋಡಿಗೆ ತರಬೇಕು, ಪರಿವರ್ತನೆಯಲ್ಲಿ ಎಡವಿದ ಒತ್ತಕ್ಷರಗಳನ್ನು ತಿದ್ದಬೇಕು. ಕೀಲಿಗಳ ವಿನ್ಯಾಸ ಯೂನಿಕೋಡಿನಲ್ಲೂ ಅದೇ, ಕೆ.ಪಿ. ರಾವ್ ಅವರು ರೂಪಿಸಿದ್ದು. ಅಪ್ಪಯ್ಯನ ಬೆರಳುಗಳು ಏನನ್ನೂ ಮರೆಯಬೇಕಾಗಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಎಲ್ಲ ಮುಗಿಯಿತು. ಗುಂಡಿ ಒತ್ತಲು ಅಪ್ಪಯ್ಯನನ್ನೇ ಕರೆದೆ. ಅವರು ಒತ್ತಿ, ರೂಢಿಯಂತೆ ಎದ್ದು ಬಾಗಿಲ ಕಡೆ ಹೊರಟರು.

“ಅಪ್ಪಯ್ಯ, ಹೋಗಬೇಡ. ಬಂತು.”

ತಿರುಗಿ ನೋಡಿದರು. ಗುಂಡಿ ಒತ್ತಿ ಅರ್ಧ ನಿಮಿಷವೂ ಆಗಿರಲಿಲ್ಲ. ಕುರ್ಚಿಗೆ ಮರಳಿ, ಕನ್ನಡಕ ಹಾಕಿಕೊಂಡು, ಕಡತದ ಮೇಲೆ ಎರಡು ಸಲ ಒತ್ತಿದರು. ಅದೂ ತೆರೆಯಿತು. ಮೌಸಿನ ಮೇಲಿಂದ ಕೈ ತೆಗೆದು ಒಂದು ಕ್ಷಣ ಸುಮ್ಮನೆ ಕುಳಿತರು. ಆಮೇಲೆ ಕೆಳಗೆ ಇಳಿದು ‘ದ’ ಅಕ್ಷರದ ಪುಟಕ್ಕೆ ಬಂದರು. ದಬ್ಬೆ, ದರಕು, ದೋಟಿ. ದೋಟಿಯ ಮುಂದಿನ ಎರಡು ಚುಕ್ಕಿಗಳ ಪಕ್ಕ ಕಡ್ಡಿ ಮಿನುಗುತ್ತಿತ್ತು.

ನಿಧಾನವಾಗಿ ಹೊಡೆಯತೊಡಗಿದರು. ‘ಮರ ಹತ್ತದೆ ನೆಲದ ಮೇಲೆ ನಿಂತೇ ಕೊನೆ ಕೊಯ್ಯಲು ಬಳಸುವ, ತುದಿಗೆ ಕತ್ತಿ ಕಟ್ಟಿದ ಉದ್ದನೆಯ ಬಿದಿರಿನ ಗಳು.’ ಪೂರ್ಣವಿರಾಮ ಹಾಕುವ ಮೊದಲು ಅಡಿಗೆಮನೆಯ ಕಡೆ ಕೂಗಿ ಕೇಳಿದರು: “ದೋಟಿಗೆ ಬಿದಿರಿನ ಗಳು ಎಂದರೆ ಸಾಕೇನೇ?”

“ಈಗ ಬಿದಿರು ಎಲ್ಲಿದೆ? ಕಾರ್ಬನ್ ಫೈಬರ್ ಅಲ್ಲವೇ ಎಲ್ಲರದ್ದೂ. ಅದನ್ನೂ ಬರೆಯಿರಿ,” ಎಂದರು ಅಮ್ಮ ಒಳಗಿನಿಂದ.

ಅಪ್ಪಯ್ಯ ‘ಬಿದಿರಿನ’ ಎಂಬ ಪದದ ಹಿಂದೆ ‘ಮೊದಲು’ ಎಂದು ಸೇರಿಸಿ, ಮುಂದಿನ ವಾಕ್ಯ ಶುರುಮಾಡಿದರು.