ಬದಿಯಡ್ಕದ ಚಾವಡಿಯಿಂದ ಓರ್ ಬೆಲ್ಟ್‌ಗೆ: ಗಣಿಗೆ ತಕ್ಕ ಬಂಡೆ ಹುಡುಕುತ್ತ

ಕಾಸರಗೋಡು ಜಿಲ್ಲೆಯ ಚೆರ್ಕಳದಲ್ಲಿ ಹೆದ್ದಾರಿ ಬಿಟ್ಟು ಬದಿಯಡ್ಕ, ಪೆರ್ಲ ದಾಟಿ ಅಡ್ಕಸ್ಥಳದತ್ತ ಹೋಗುವ ಸೀಮೆಯಲ್ಲಿ ಅಡಿಕೆ ತೋಟಗಳ ಹಿಂದಿನ ಗುಡ್ಡೆಯ ಬುಡ ಹುಡುಕಿದರೆ ಸುರಂಗದ ಬಾಯಿ ಸಿಗುತ್ತದೆ. ಒಬ್ಬ ಆಳು ಪಿಕ್ಕಾಸು ಹಿಡಿದು ನಿಲ್ಲುವಷ್ಟು ಎತ್ತರ, ಮೈ ತೂರುವಷ್ಟೇ ಅಗಲ. ಒಳಗಿನಿಂದ ಒಸರುವ ನೀರು ಪಂಪಿನ ಹಂಗಿಲ್ಲದೆ ತಾನೇ ಹರಿದು ತೋಟಕ್ಕೆ ಬರುತ್ತದೆ. ತೋಡುವವರು ಪಿಕ್ಕಾಸು ಎತ್ತುವ ಮೊದಲು ಗುಡ್ಡೆಯನ್ನು ಸುತ್ತಿ ನೋಡುತ್ತಾರೆ. ಮುರಕಲ್ಲು ಗಟ್ಟಿಯಿದೆಯೇ, ನಡುವೆ ಜೇಡಿ ಬಂದು ಕುಸಿಯುವ ಲಕ್ಷಣವಿದೆಯೇ, ಗುಡ್ಡೆಯ ಮೇಲೆ ಎಂಥ ಮರಗಿಡ ಇದೆ, ಬಾಯಿ ತೋಟಕ್ಕಿಂತ ಮೇಲೆ ಬರುತ್ತದೆಯೇ. ನೀರು ಧಾರಾಳ ಇದ್ದರೂ ಬಾಯಿ ತೋಟಕ್ಕಿಂತ ಕೆಳಗೆ ಬಿದ್ದರೆ ಅಂಥ ಸುರಂಗದಿಂದ ತೋಟಕ್ಕೆ ಹನಿಯೂ ತಾನಾಗಿ ಬರುವುದಿಲ್ಲ.

ಈ ಪ್ರವಾಸಕ್ಕೆ ಬೇಕಾದದ್ದು ಇದೇ ಕಣ್ಣು. ಹೊರಡುವುದು ಬದಿಯಡ್ಕದ ಚಾವಡಿಯ ಮೂಲೆಯಲ್ಲಿರುವ ಕಂಪ್ಯೂಟರಿನಿಂದ, ಹೋಗುವುದು ಜರ್ಮನಿಯ ಎಗೋಸಾಫ್ಟ್ 2008ರಲ್ಲಿ ಹೊರತಂದ ‘ಎಕ್ಸ್3: ಟೆರಾನ್ ಕಾನ್‌ಫ್ಲಿಕ್ಟ್’ ಆಟದ ಬಾಹ್ಯಾಕಾಶಕ್ಕೆ. ಸರಕು ಕೊಂಡು ಮಾರುತ್ತ, ಕಾರ್ಖಾನೆ ಕಟ್ಟುತ್ತ ಬೆಳೆಯುವ ಆಟ ಅದು. ಅಲ್ಲಿ ಗಣಿ ನಿಲ್ಲುವುದು ಕ್ಷುದ್ರಗ್ರಹದ ಮೈಮೇಲೆ. ಬಯಲಿನಲ್ಲಿ ಇಟ್ಟ ಕಾರ್ಖಾನೆಯನ್ನು ಆಮೇಲೆ ಎಳೆದು ಜಾಗ ಬದಲಿಸಲು ದಾರಿಯಿದೆ. ಬಂಡೆಗೆ ಕಚ್ಚಿಕೊಂಡ ಗಣಿ ಮಾತ್ರ ಇಟ್ಟಲ್ಲೇ. ಹಾಗಾಗಿ ಆಟದ ಹಣವಾದ ಕ್ರೆಡಿಟ್ ಲಕ್ಷಗಟ್ಟಲೆ ಸುರಿಯುವ ಮೊದಲು ಒಂದು ಸುತ್ತು ಹೋಗಿ ಬರುವುದು ಅಗತ್ಯ.

ಮೊದಲ ನಿಲುಗಡೆ ಆರ್ಗಾನ್ ಪ್ರೈಮ್, ಆಟದೊಳಗಿನ ಜನಾಂಗಗಳಲ್ಲಿ ಒಂದಾದ ಆರ್ಗಾನ್ ಜನರ ರಾಜಧಾನಿ. ಇಲ್ಲಿ ಪ್ರಯಾಣದ ಬುತ್ತಿ ಕಟ್ಟಿಕೊಳ್ಳಬೇಕು. ಹಡಗು ಸಣ್ಣದಾಗಿ ವೇಗವಾಗಿರಲಿ, ಸರಕು ಹೊರುವ ಕೆಲಸ ಈ ಸುತ್ತಿನಲ್ಲಿ ಇಲ್ಲ. ಮಿನರಲ್ ಸ್ಕ್ಯಾನರ್ ಇಲ್ಲದೆ ಹೊರಟರೆ ಬಂಡೆಯ ಮುಂದೆ ಎಷ್ಟು ಹೊತ್ತು ನಿಂತರೂ ಅದರಲ್ಲಿ ಏನಿದೆ ಎಂದು ತಿಳಿಯದು. ಹಡಗಿನ ಸಲಕರಣೆ ಮಾರುವ ಎಕ್ವಿಪ್‌ಮೆಂಟ್ ಡಾಕ್‌ಗಳಲ್ಲಿ ಅದು ಸಿಗುತ್ತದೆ, ಆದರೆ ಎಲ್ಲ ಡಾಕ್‌ನಲ್ಲೂ ಇರುವುದಿಲ್ಲ. ಸೆಟಾ ಎಂಬ ಸಮಯದ ಯಂತ್ರವೂ ಬೇಕು. ಅದು ಆಟದ ಗಡಿಯಾರವನ್ನು ಹತ್ತು ಪಟ್ಟಿನವರೆಗೆ ಓಡಿಸುತ್ತದೆ. ಈ ಬಾಹ್ಯಾಕಾಶ ಸೆಕ್ಟರ್ ಎಂಬ ತುಂಡುಗಳಾಗಿದೆ, ಒಂದರಿಂದ ಇನ್ನೊಂದಕ್ಕೆ ದಾಟುವ ಬಾಗಿಲು ಗೇಟು. ಗೇಟಿನಿಂದ ದೂರದ ಬಂಡೆಗಳವರೆಗಿನ ಖಾಲಿ ದಾರಿ ಸವೆಸಲು ಬೇರೆ ಉಪಾಯವಿಲ್ಲ.

ಇನ್ನೊಂದನ್ನು ಮರೆಯಬಾರದು, ಸಾಲ್ವೇಜ್ ಇನ್ಶೂರೆನ್ಸ್. ನಿಲ್ದಾಣದಲ್ಲಿ ತಂಗಿದ್ದಾಗ ಆಟವನ್ನು ಪುಕ್ಕಟೆ ಸೇವ್ ಮಾಡಬಹುದು. ನಡುದಾರಿಯಲ್ಲಿ ಸೇವ್ ಮಾಡಬೇಕಾದರೆ ಪ್ರತಿ ಸಲವೂ ಒಂದು ಇನ್ಶೂರೆನ್ಸ್ ಖರ್ಚಾಗುತ್ತದೆ. ಆಟಿ ತಿಂಗಳ ಮಳೆಗೆ ಯಾವ ಗಳಿಗೆಯಲ್ಲಿ ಕರೆಂಟು ಹೋಗುತ್ತದೆ ಎಂದು ಹೇಳಲಾಗದ ನಮ್ಮ ಕಡೆ ಏಳೆಂಟು ಇನ್ಶೂರೆನ್ಸ್ ಕೈಯಲ್ಲಿಟ್ಟುಕೊಂಡು ಹೊರಡುವುದೇ ಜಾಣತನ. ಪಕ್ಕದಲ್ಲಿ ಒಂದು ಹಾಳೆ, ಪೆನ್ನು. ಅಡಿಕೆ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಾದರೂ ಆದೀತು. ಸೆಕ್ಟರ್ ನಕ್ಷೆಯಲ್ಲಿ ಬಂಡೆಗಳೆಲ್ಲ ಒಂದೇ ಹೆಸರಿನಲ್ಲಿ ಸಾಲಾಗಿ ನಿಂತಿರುತ್ತವೆ. ಯಾವುದು ಯಾವ ದಿಕ್ಕಿಗೆ, ಯಾವ ಗೇಟಿನಿಂದ ಎಷ್ಟು ಕಿಲೋಮೀಟರ್ ಎಂದು ಬರೆದಿಡದಿದ್ದರೆ ನಾಳೆ ಅದನ್ನೇ ಮತ್ತೆ ಹುಡುಕಬೇಕು.

ಎರಡನೆಯ ನಿಲುಗಡೆ ಓರ್ ಬೆಲ್ಟ್. ಹೆಸರೇ ಹೇಳುವಂತೆ ಅದಿರಿನ ಸೀಮೆ, ಇದೂ ಆರ್ಗಾನ್ ಜನರದ್ದೇ. ಗೇಟು ದಾಟಿದ ಮೇಲೆ ಒಂದು ಕ್ಷಣ ನಿಂತು ನೋಡಬೇಕೆನಿಸುವ ಜಾಗ. ಕತ್ತಲೆಯಲ್ಲಿ ಬೂದುಬಣ್ಣದ ಬಂಡೆಗಳು ಹತ್ತಿರ ಬಂದಂತೆ ಗುಡ್ಡೆಯಷ್ಟಾಗುತ್ತವೆ, ಅವುಗಳ ಎದುರು ಹಡಗು ಅಡಿಕೆಯಷ್ಟು. ಆಟೋಪೈಲಟ್ ನಂಬಿ ಸೆಟಾ ಹಾಕಿಕೊಂಡು ಬಂಡೆಯ ಹತ್ತಿರಕ್ಕೆ ಹೋಗಬೇಡಿ. ಹತ್ತು ಪಟ್ಟು ವೇಗದಲ್ಲಿ ತಿರುಗಿಸಿಕೊಳ್ಳುವಷ್ಟರಲ್ಲಿ ಸಣ್ಣ ಹಡಗು ಪುಡಿಯಾಗಿರುತ್ತದೆ. ದೂರದಲ್ಲೇ ಸೆಟಾ ನಿಲ್ಲಿಸಿ, ಕೈಯಿಂದ ನಡೆಸಿ, ಬಂಡೆಯನ್ನು ಗುರಿಯಾಗಿ ಆಯ್ದು ಮಾಹಿತಿ ತೆರೆಯಿರಿ. ಸ್ಕ್ಯಾನರಿನ ವ್ಯಾಪ್ತಿಯೊಳಗೆ ಬಂದ ಕೂಡಲೇ ಎರಡು ಸಂಗತಿ ಕಾಣುತ್ತವೆ: ಯಾವ ಖನಿಜ, ಎಷ್ಟು ಯೀಲ್ಡ್. ಓರ್ ಬಂಡೆಗೆ ಓರ್ ಗಣಿ, ಸಿಲಿಕಾನ್ ಬಂಡೆಗೆ ಸಿಲಿಕಾನ್ ಗಣಿ, ಅದಲುಬದಲು ಆಗದು.

ಯೀಲ್ಡ್ ಎಂಬ ಈ ಒಂದು ಅಂಕೆಯ ಹಿಂದಿನ ಲೆಕ್ಕವನ್ನು ಬಿಡಿಸಿ ನೋಡಿದರೆ ಆಯ್ಕೆ ಅರ್ಧ ಸಲೀಸು. ಬಂಡೆಯಲ್ಲಿ ಒಟ್ಟು ಎಷ್ಟು ಅದಿರು ಉಳಿದಿದೆ ಎಂಬುದರ ಲೆಕ್ಕವಲ್ಲ ಇದು. ಗಣಿ ಎಷ್ಟು ಕಾಲವಾದರೂ ನಡೆಯುತ್ತದೆ, ಬಂಡೆ ಬರಿದಾಗುವುದಿಲ್ಲ. ಯೀಲ್ಡ್ ತೀರ್ಮಾನಿಸುವುದು ಗಣಿಯ ಒಂದು ಸುತ್ತಿಗೆ ತಗಲುವ ಸಮಯವನ್ನು. ಓರ್ ಆದರೆ 600ನ್ನು ಯೀಲ್ಡ್‌ಗೆ ಒಂದು ಸೇರಿಸಿದ ಸಂಖ್ಯೆಯಿಂದ ಭಾಗಿಸಿ, ದಶಮಾಂಶ ಬಿಟ್ಟು, ಒಂದು ಕೂಡಿಸಿ. ಬಂದದ್ದು ಸೆಕೆಂಡು. ಯೀಲ್ಡ್ 25ರ ಬಂಡೆಯೆಂದರೆ 600ನ್ನು 26ರಿಂದ ಭಾಗಿಸಿ 23, ಒಂದು ಕೂಡಿಸಿ 24 ಸೆಕೆಂಡು. ಎಮ್, ಅಂದರೆ ಮಧ್ಯಮ ಅಳತೆಯ ಗಣಿ ಅಷ್ಟರಲ್ಲಿ 2 ಓರ್ ಕೊಡುತ್ತದೆ, ಗಂಟೆಗೆ 300. ಎಲ್, ಅಂದರೆ ದೊಡ್ಡ ಗಣಿ 5 ಕೊಡುತ್ತದೆ, ಗಂಟೆಗೆ 750. ಅದೇ 10ರ ಬಂಡೆಯಲ್ಲಿ ಸುತ್ತಿಗೆ 55 ಸೆಕೆಂಡು, ಎಮ್ ಗಣಿಗೆ ಗಂಟೆಗೆ ಸುಮಾರು 130. ಯೀಲ್ಡ್ 1 ಇರುವ ಬಂಡೆಯಲ್ಲಿ 301 ಸೆಕೆಂಡು, ಗಂಟೆಗೆ 24 ಕೂಡ ತುಂಬದು.

ದಶಮಾಂಶ ಬಿಡುವುದರಿಂದ ಒಂದು ಸೂಕ್ಷ್ಮ ಹುಟ್ಟುತ್ತದೆ. 40ರ ಬಂಡೆಯೂ 41ರ ಬಂಡೆಯೂ ಕೊಡುವುದು ಒಂದೇ 15 ಸೆಕೆಂಡು. 42ಕ್ಕೆ ಹೋದರೆ 14 ಆಗುತ್ತದೆ. ಹಾಗಾಗಿ 40 ಮತ್ತು 41ರ ನಡುವೆ ಆಯ್ಕೆ ಬಂದಾಗ ಅಂಕೆಯನ್ನು ಮರೆತು ಜಾಗ ನೋಡಿ. ಇನ್ನೊಂದು ಮಾತು: ಸುತ್ತು 60 ಸೆಕೆಂಡಿಗಿಂತ ಕಡಿಮೆಯಾದರೆ ಆಟ ಎರಡು ಮೂರು ಸುತ್ತುಗಳನ್ನು ಒಟ್ಟು ಕಟ್ಟಿ ತೋರಿಸುತ್ತದೆ. 25ರ ಗಣಿಯ ಫಲಕದಲ್ಲಿ 24ರ ಬದಲು 72 ಸೆಕೆಂಡು ಕಂಡರೆ ಗಾಬರಿ ಬೇಡ. ಮೂರು ಸುತ್ತಿನ ಸರಕು ಒಮ್ಮೆಗೇ ಬರುತ್ತದೆ, ಗಂಟೆಯ ಲೆಕ್ಕ ಬದಲಾಗದು.

ಯೀಲ್ಡ್ ಹೆಚ್ಚಿದಷ್ಟೂ ಒಳ್ಳೆಯದು ಎಂದು ಓಡುವವರು ಎಡವುವುದು ಎನರ್ಜಿ ಸೆಲ್‌ನಲ್ಲಿ. ಒಂದು ಓರ್ ತೆಗೆಯಲು 6 ಎನರ್ಜಿ ಸೆಲ್ ಬೇಕು, ಒಂದು ಸಿಲಿಕಾನ್ ವೇಫರಿಗೆ 24. ಮೇಲೆ ಹೇಳಿದ 25ರ ಎಲ್ ಗಣಿ ಗಂಟೆಗೆ 4,500 ಸೆಲ್ ನುಂಗುತ್ತದೆ. ಅಷ್ಟನ್ನು ತಂದು ಸುರಿಯುವ ಹಡಗು ಇಲ್ಲದಿದ್ದರೆ ಗಣಿ ನಿಂತು ನಿಂತು ನಡೆಯುತ್ತದೆ. ತಯಾರಾದ ಸರಕನ್ನು ಒಯ್ಯದೆ ಗೋದಾಮು ತುಂಬಿದರೂ ನಿಲ್ಲುತ್ತದೆ. ಓರ್‌ನ ಸರಾಸರಿ ಬೆಲೆ 128 ಕ್ರೆಡಿಟ್, ಸೆಲ್‌ನದು 16. ಆರು ಸೆಲ್‌ಗೆ 96 ಕಳೆದರೆ ಕೈಗೆ ಬರುವುದು 32 ಮಾತ್ರ. ಸಿಲಿಕಾನ್‌ನ ಸರಾಸರಿ 504, ಸೆಲ್‌ನ ಖರ್ಚು 384, ಉಳಿಯುವುದು 120. ಸೆಲ್ ಅನ್ನು ಅದರ ಕನಿಷ್ಠ ಬೆಲೆಯಾದ 12ಕ್ಕೆ ತರುವ ದಾರಿಯಿದ್ದರೆ ಓರ್‌ನ ಲಾಭ 56ಕ್ಕೂ ಸಿಲಿಕಾನ್‌ನದು 216ಕ್ಕೂ ಏರುತ್ತದೆ. ಸೆಲ್‌ನ ಬೆಲೆ ನಾಲ್ಕು ಕ್ರೆಡಿಟ್ ಇಳಿದದ್ದಕ್ಕೆ ಲಾಭ ಹತ್ತಿರ ಹತ್ತಿರ ಇಮ್ಮಡಿ. ಸೆಲ್ ತಯಾರಿಸುವ ಸೋಲಾರ್ ಪವರ್ ಪ್ಲಾಂಟ್ ಪಕ್ಕದಲ್ಲೇ ಇರುವ 20ರ ಬಂಡೆ, ಮೂರು ಗೇಟು ಆಚೆಯ 35ರ ಬಂಡೆಗಿಂತ ಮೇಲು ಎಂದು ನಾವು ಹೇಳುವುದು ಇದಕ್ಕೇ.

ಓರ್ ಬೆಲ್ಟ್‌ನಿಂದ ಮುಂದಿನ ಹಾದಿ ಸಿಲಿಕಾನ್ ಹುಡುಕುತ್ತ. ಇಲ್ಲಿ ಸೂತ್ರ ಅದೇ, 600ರ ಜಾಗದಲ್ಲಿ 2,400. 25ರ ಸಿಲಿಕಾನ್ ಬಂಡೆಗೆ 93 ಸೆಕೆಂಡು, ಎಮ್ ಗಣಿಗೆ ಗಂಟೆಗೆ ಸುಮಾರು 77 ವೇಫರ್. 64ರ ಬಂಡೆ ಸಿಕ್ಕಿದರೆ 37 ಸೆಕೆಂಡು, ಗಂಟೆಗೆ ಸುಮಾರು 195. ಈ ಹಾದಿಯಲ್ಲಿ ಬಂಡೆಯ ಜೊತೆಗೆ ಸೂರ್ಯನನ್ನೂ ನೋಡಬೇಕು. ಗಣಿಗೆ ಬಿಸಿಲು ಬೇಡ, ಅದು ಕತ್ತಲಲ್ಲೂ ನಡೆಯುತ್ತದೆ. ಆದರೆ ಸಿಲಿಕಾನ್ ಕ್ರಿಸ್ಟಲ್ ಆಗುತ್ತದೆ, ಕ್ರಿಸ್ಟಲ್ ಸೋಲಾರ್ ಪ್ಲಾಂಟ್‌ಗೆ ಹೋಗುತ್ತದೆ, ಪ್ಲಾಂಟ್ ಕೊಡುವ ಎನರ್ಜಿ ಸೆಲ್ ಮರಳಿ ಗಣಿಗೆ ಬರುತ್ತದೆ. ಕ್ರಿಸ್ಟಲ್ ಕಾರ್ಖಾನೆಗೆ ಊಟವೂ ಬೇಕು. ಆರ್ಗಾನ್ ಜನರದ್ದಾದರೆ ಮೀಟ್‌ಸ್ಟೀಕ್ ಕಹೂನಾ ಎಂಬ ಮಾಂಸದ ತಿನಿಸು, ಅದಕ್ಕೆ ಕಹೂನಾ ಬೇಕರಿಯೊಂದು, ಬೇಕರಿಗೆ ಮಾಂಸ ಕೊಡಲು ದನದ ಕೊಟ್ಟಿಗೆಯೊಂದು. ಈ ಸರಪಳಿ ಒಂದೇ ಸೆಕ್ಟರಿನಲ್ಲಿ ಕೂಡಿಬಂದರೆ ಹೊರಗಿನಿಂದ ಸೆಲ್ ಕೊಳ್ಳುವ ಕೆಲಸವೇ ಇಲ್ಲ. ಸೆಕ್ಟರಿನ ಮಾಹಿತಿಯಲ್ಲಿ ಬಿಸಿಲಿನ ಪ್ರಮಾಣ ಬರೆದಿರುತ್ತದೆ. 100ರ ಸೆಕ್ಟರಿಗಿಂತ 150ರಲ್ಲಿ ಅದೇ ಪ್ಲಾಂಟ್ ಹೆಚ್ಚು ಸೆಲ್ ಕೊಡುತ್ತದೆ. ಬಿಸಿಲೂ ಇದ್ದು ಸಿಲಿಕಾನ್ ಬಂಡೆಗಳು ಒತ್ತಾಗಿಯೂ ಇರುವ ಸೆಕ್ಟರ್ ಕಂಡರೆ ಹಾಳೆಯಲ್ಲಿ ಅಡಿಗೆರೆ ಎಳೆದಿಡಿ.

ಒತ್ತಾಗಿರುವುದು ಎಂದೆವು, ಅದಕ್ಕೂ ಅಳತೆಯಿದೆ. ಗಣಿಗಳನ್ನು ಒಂದಕ್ಕೊಂದು ಜೋಡಿಸುವ ಕೊಳವೆಗಳು ಬಂಡೆಯಿಂದ ಬಂಡೆಗೆ ಹಾಯುತ್ತವೆ. ಬಂಡೆಗಳು ದೂರ ದೂರ ಇದ್ದರೆ ಸೆಕ್ಟರಿನ ಉದ್ದಗಲಕ್ಕೂ ಕೊಳವೆಯ ಬಲೆ ಬೀಳುತ್ತದೆ. ನೀವು ಆ ಸೆಕ್ಟರಿನಲ್ಲಿ ಇದ್ದಾಗ ನಿಮ್ಮ ಸರಕು ಹಡಗುಗಳು ಕೊಳವೆಗೋ ಪಕ್ಕದ ಬಂಡೆಗೋ ಬಡಿದು ಹೋಗುತ್ತವೆ. ನೀವು ಬೇರೆ ಸೆಕ್ಟರಿನಲ್ಲಿದ್ದರೆ ಆಟ ಡಿಕ್ಕಿಯ ಲೆಕ್ಕ ಹಾಕುವುದಿಲ್ಲ, ಅವೇ ಹಡಗುಗಳು ಅದೇ ದಾರಿಯಲ್ಲಿ ಕ್ಷೇಮವಾಗಿ ಹೋಗಿ ಬರುತ್ತವೆ. ಹಡಗು ಯಾಕೆ ಕೆಲವು ಸಲ ಮಾತ್ರ ಒಡೆಯುತ್ತದೆ ಎಂದು ತಲೆ ಕೆಡಿಸಿಕೊಳ್ಳುವವರಿಗೆ ಉತ್ತರ ಇದು. ಗೇಟಿನ ನೇರದಲ್ಲಿರುವ ಬಂಡೆಯನ್ನೂ ಬಿಡುವುದು ಲೇಸು. ಓಡಾಟದ ದಾರಿಗೆ ಅಡ್ಡ ಕಟ್ಟಿದ ಗಣಿಯಿಂದ ನಷ್ಟವೇ ಹೆಚ್ಚು.

ಹಾದಿಯಲ್ಲಿ ಮೊಬೈಲ್ ಡ್ರಿಲ್ಲಿಂಗ್ ಸಿಸ್ಟಮ್ ಇರುವ ಹಡಗಿನಿಂದ ಬಂಡೆ ಒಡೆದು ಚೂರು ಬಾಚುವ ಆಸೆಯೂ ಬರುತ್ತದೆ. ಒಡೆಯುವುದಾದರೆ ಯೀಲ್ಡ್ ಕಡಿಮೆಯ, ಮೂಲೆಯ ಬಂಡೆಗಳನ್ನು ಒಡೆಯಿರಿ. ಒಡೆದ ಬಂಡೆಯ ಮೇಲೆ ಮತ್ತೆ ಗಣಿ ನಿಲ್ಲದು. ಹಾಳೆಯಲ್ಲಿ ಗುರುತು ಹಾಕಿದ 50ರ ಬಂಡೆಯನ್ನು ಅವಸರದಲ್ಲಿ ಚೂರು ಮಾಡಿದರೆ ಆ ಆಟದ ಮಟ್ಟಿಗೆ ಅದು ಹೋದಂತೆಯೇ.

ಕೊನೆಯ ನಿಲುಗಡೆ ಹೋಮ್ ಆಫ್ ಲೈಟ್. ಆಟದೊಳಗಿನ ಕಂಪನಿಯಾದ ಟೆರಾಕಾರ್ಪ್‌ನ ಮುಖ್ಯ ಕಚೇರಿ ಇಲ್ಲಿದೆ, ಗಣಿ ಕಾರ್ಖಾನೆಗಳನ್ನು ಒಂದಕ್ಕೊಂದು ಜೋಡಿಸುವ ಕಾಂಪ್ಲೆಕ್ಸ್ ಕನ್‌ಸ್ಟ್ರಕ್ಷನ್ ಕಿಟ್ ಅಲ್ಲಿ ಸಿಗುತ್ತದೆ. ಒಂದು ಕಿಟ್‌ಗೆ ಎರಡೂವರೆ ಲಕ್ಷಕ್ಕೂ ಮಿಕ್ಕಿ ಕ್ರೆಡಿಟ್. ಎರಡು ಘಟಕ ಸೇರಿಸಲು ಒಂದು ಕಿಟ್, ಆಮೇಲೆ ಸೇರುವ ಪ್ರತಿಯೊಂದಕ್ಕೂ ಇನ್ನೊಂದು. ಎಂಟು ಘಟಕಗಳಿಗೆ ಏಳು ಕಿಟ್. ಹಾಳೆಯನ್ನು ಈಗ ಮತ್ತೊಮ್ಮೆ ತೆರೆದು ನೋಡಿ: ಈಗಾಗಲೇ ಇರುವ ಜೋಡಣೆಗೆ ಸೇರಿಸುವುದಾದರೆ 8, 9, 11 ಯೀಲ್ಡ್‌ನ ಮೂರು ಸಣ್ಣ ಬಂಡೆಗಳಿಗೆ ಮೂರು ಗಣಿ, ಮೂರು ಕಿಟ್ ಖರ್ಚಾಗುತ್ತದೆ. 28ರ ಒಂದೇ ಬಂಡೆಗೆ ಒಂದೊಂದು ಸಾಕು, ಸರಕು ಹೆಚ್ಚು ಕಡಿಮೆ ಅಷ್ಟೇ.

ಗಣಿ ಹೊತ್ತು ತರುವುದು ಟಿಎಲ್ ದರ್ಜೆಯ ದೊಡ್ಡ ಹಡಗಿನಿಂದ ಮಾತ್ರ ಆಗುವ ಕೆಲಸ. ಆರ್ಗಾನ್‌ನ ಮ್ಯಾಮತ್ ಅಂಥದ್ದು. ಸ್ವಂತದ್ದಿಲ್ಲದಿದ್ದರೆ ಓಡಾಡುವ ಟಿಎಲ್ ಒಂದನ್ನು ಕರೆದು ಬಾಡಿಗೆಗೆ ಹಿಡಿಯಬಹುದು. ಶಿಪ್‌ಯಾರ್ಡ್‌ನಲ್ಲಿ ಗಣಿ ಹೇರಿಸಿ, ಸೆಕ್ಟರಿಗೆ ಕಳಿಸಿ, ನೀವೂ ಅಲ್ಲಿಗೆ ಹೋಗಿ. ಗಣಿ ಇಡುವ ಮೊದಲು ಒಂದು ಇನ್ಶೂರೆನ್ಸ್ ಖರ್ಚು ಮಾಡಿ ಸೇವ್ ಮಾಡಿ, ಏಕೆಂದರೆ ಪಟ್ಟಿಯಲ್ಲಿ ಒಂದು ಸಾಲು ತಪ್ಪಿದರೂ ಪಕ್ಕದ ಬಂಡೆಗೆ ಗಣಿ ಕೂರುತ್ತದೆ. ಹಾಳೆಯಲ್ಲಿ ಬರೆದ ದೂರಕ್ಕೆ ನಕ್ಷೆಯ ದೂರವನ್ನು ತಾಳೆ ನೋಡಿ, ಯೀಲ್ಡ್ ಇನ್ನೊಮ್ಮೆ ಓದಿ, ಆಮೇಲೆ ಒಪ್ಪಿಗೆ ಒತ್ತಿ. ಕಿಟ್ ಬಿಚ್ಚಿದಾಗ ಹಬ್ ಎಲ್ಲಿ ನಿಲ್ಲಬೇಕೆಂದು ಕೇಳುತ್ತದೆ. ಜೋಡಿಸಿದ ಮೇಲೆ ಹಡಗುಗಳು ಗಣಿಗೆ ಬರುವುದಿಲ್ಲ, ಈ ಹಬ್‌ಗೇ ಬರುತ್ತವೆ. ಅದನ್ನು ಬಂಡೆಗಳ ಗುಂಪಿನಿಂದ ಹೊರಗೆ ತಂದು, ಮುಖ ಗೇಟಿನ ಕಡೆಗೆ, ಮುಂದೆ ಖಾಲಿ ಬಯಲು ಬರುವಂತೆ ನಿಲ್ಲಿಸಿ. ಮೊದಲ ಸರಕು ಹಡಗಿಗೆ ಎನರ್ಜಿ ಸೆಲ್ ತುಂಬಿ ಕಳಿಸಿ, ಅದು ಹಬ್‌ಗೆ ತಾಗಿ ನಿಲ್ಲುವವರೆಗೆ ಆ ಸೆಕ್ಟರ್ ಬಿಟ್ಟು ಹೋಗಬೇಡಿ.